ಶ್ವಾಸಕೋಶಕ್ಕೆ ಕ್ಯಾಮರಾ ಹಾಕಿದರೆ ಉಸಿರಾಡೋದು ಹೇಗೆ?

"ಬ್ರಾಂಕೋಸ್ಕೋಪಿ ಮಾಡಿಬಿಡೋಣ" ಅಂದ ಮೇಲೂ ಡಾಕ್ಟರು ಐದು ನಿಮಿಷ ಮಾತಾಡಿದರು. ನನ್ನ ತಲೆಗೆ ಒಂದಕ್ಷರ ಹೋಗಲಿಲ್ಲ. ಎರಡು ತಿಂಗಳಿಂದ ಬಿಡದ ಕೆಮ್ಮು, ಸಂಜೆಯಾದರೆ ಸಣ್ಣಗೆ ಜ್ವರ, ಸಿಟಿ ಸ್ಕ್ಯಾನಿನಲ್ಲಿ ಬಲಗಡೆ ಒಂದು ಕಲೆ. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಹಾಗಾಗಿ ಒಳಗೆ ಕ್ಯಾಮರಾ ಇಳಿಸಿ ನೋಡಬೇಕು. ಇಷ್ಟು ಅರ್ಥವಾಗಿತ್ತು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಉಸಿರಾಡೋ ದಾರಿಗೇ ಪೈಪ್ ಹಾಕಿದರೆ ನಾನು ಉಸಿರಾಡೋದು ಎಲ್ಲಿಂದ?

ಆಮೇಲೆ ಈ ಪರೀಕ್ಷೆ ಮಾಡಿಸಿಕೊಂಡ ಇನ್ನೂ ನಾಲ್ಕೈದು ಜನರನ್ನು ಕೇಳಿದ್ದೇನೆ. ಎಲ್ಲರನ್ನೂ ಕಾಡಿದ್ದು ಇದೇ ಪ್ರಶ್ನೆ. ನೋವಿನ ಭಯ ಅದರ ಹಿಂದೆ ಬರುತ್ತದೆ. ಆದರೆ ಯಾರೂ ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿರಲಿಲ್ಲ. ಪೆದ್ದು ಪ್ರಶ್ನೆ ಅಂದುಕೊಂಡಾರು ಅಂತ ಸಂಕೋಚ. ಪೆದ್ದು ಪ್ರಶ್ನೆಯೇನಲ್ಲ. ಉತ್ತರವೂ ಸುಲಭ. ಮೇಷ್ಟ್ರು ಕಲಿಸಿದ ವೃತ್ತದ ಲೆಕ್ಕ ನೆನಪಿದ್ದರೆ ಸಾಕು.

ದೊಡ್ಡವರ ಶ್ವಾಸನಾಳ, ಅಂದರೆ ಗಂಟಲಿನಿಂದ ಎದೆಗೆ ಇಳಿಯುವ ಗಾಳಿಯ ಕೊಳವೆ, ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ ಇರುತ್ತದೆ. ಅಗಲ ಆಳಿಂದಾಳಿಗೆ ಬೇರೆಯಾದರೂ 18 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದು. ಒಳಗೆ ಇಳಿಯುವ ಸ್ಕೋಪ್, ಅಂದರೆ ಕ್ಯಾಮರಾ ಇರುವ ಪೈಪ್, 5ರಿಂದ 6 ಮಿಲಿಮೀಟರ್ ದಪ್ಪ. ಮಕ್ಕಳು ಬರೆಯುವ ಪೆನ್ಸಿಲ್‌ಗಿಂತ ತೆಳು. 18ರಲ್ಲಿ 6 ಹೋದರೆ ಮೂರರಲ್ಲಿ ಒಂದು ಪಾಲು ದಾರಿ ಮುಚ್ಚಿತು ಅನ್ನಿಸುತ್ತದೆ, ಅಲ್ವಾ? ಅಲ್ಲೇ ನಾವು ಎಡವೋದು. ಗಾಳಿಗೆ ಎಷ್ಟು ಜಾಗ ಉಳಿಯಿತು ಅನ್ನುವುದನ್ನು ಅಗಲದಿಂದ ಅಳೆಯಲಾಗದು, ವಿಸ್ತೀರ್ಣದಿಂದ ಅಳೆಯಬೇಕು. ಅಗಲ ಮೂರರಲ್ಲಿ ಒಂದು ಪಾಲಾದರೆ ವಿಸ್ತೀರ್ಣ ಒಂಬತ್ತರಲ್ಲಿ ಒಂದು ಪಾಲು. ಅಂದರೆ ಸ್ಕೋಪ್ ಒಳಗಿದ್ದಾಗಲೂ ಒಂಬತ್ತರಲ್ಲಿ ಎಂಟು ಪಾಲು ದಾರಿ ಖಾಲಿ.

ಕೆಳಗೆ ಹೋದ ಮೇಲೆ ಲೆಕ್ಕ ಇನ್ನೂ ಹಗುರ. ಶ್ವಾಸನಾಳ ಎದೆಯ ನಡುವೆ ಎರಡು ಕವಲಾಗುತ್ತದೆ, ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಸ್ಕೋಪ್ ಬಲಗಡೆ ಇದ್ದಾಗ ಎಡಗಡೆಯ ಶ್ವಾಸಕೋಶ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಬಲಗಡೆಯ ಒಂದು ಸಣ್ಣ ಕವಲಿನಲ್ಲಿ ಸ್ಕೋಪ್ ಬಿಗಿಯಾಗಿ ಕೂತರೂ ಗಾಳಿ ಕಡಿಮೆಯಾಗುವುದು ಆ ಕವಲಿನ ಹಿಂದಿನ ಭಾಗಕ್ಕೆ ಮಾತ್ರ. ಮರದ ಒಂದು ರೆಂಬೆ ಹಿಡಿದುಕೊಂಡರೆ ಮರವೆಲ್ಲ ನಿಲ್ಲುವುದಿಲ್ಲವಲ್ಲ, ಹಾಗೆ.

ಎಲ್ಲರಿಗೂ ಇಷ್ಟೇ ಸಲೀಸು ಅಂತ ಹೇಳಲಾರೆ. ಬಹಳ ವರ್ಷ ಬೀಡಿ ಸಿಗರೇಟು ಸೇದಿ ಶ್ವಾಸಕೋಶ ಸೊರಗಿದವರಿಗೆ, ಅಸ್ತಮಾ ಇರುವವರಿಗೆ ಆಮ್ಲಜನಕದ ಮಟ್ಟ ಸ್ವಲ್ಪ ಇಳಿಯಬಹುದು. ಅದಕ್ಕೇ ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸುತ್ತಾರೆ, ಬೆರಳಿಗೆ ಕ್ಲಿಪ್ ಹಾಕುತ್ತಾರೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್, ಅದೇ. ಅದು ಸರಿಯಾಗಿ ಓದಲಿ ಅಂತಲೇ ನೈಲ್ ಪಾಲಿಶ್ ತೆಗೆದು ಬನ್ನಿ ಅನ್ನುತ್ತಾರೆ. ಅಂಕಿ ಇಳಿದರೆ ಸ್ಕೋಪನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಪೂರ್ತಿ ಹೊರಗೆ ತೆಗೆಯಲು ಒಂದೆರಡು ಸೆಕೆಂಡು ಸಾಕು. ನನಗೆ ಎಲ್ಲಕ್ಕಿಂತ ಜಾಸ್ತಿ ಧೈರ್ಯ ಕೊಟ್ಟದ್ದು ಈ ಒಂದು ವಿಷಯ.

ಗಂಟಲು ಮರಗಟ್ಟಿದಾಗ

ಲೆಕ್ಕ ಹೀಗಿದ್ದರೂ ಆ ಮೇಜಿನ ಮೇಲೆ ಮಲಗಿದಾಗ ಒಂದು ಗಳಿಗೆ "ಉಸಿರು ಕಟ್ಟಿತು" ಅನ್ನಿಸುವುದು ನಿಜ. ಯಾಕೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ತಪ್ಪುತ್ತದೆ.

ಮೊದಲು ಗಂಟಲಿಗೆ ಲಿಗ್ನೊಕೇಯ್ನ್ ಔಷಧಿ ಸ್ಪ್ರೇ ಮಾಡುತ್ತಾರೆ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ ಇದೆಯಲ್ಲ, ಅದೇ ಮದ್ದು. ಮೂಗಿನಿಂದ ಸ್ಕೋಪ್ ಇಳಿಸುವುದಾದರೆ ಮೂಗಿಗೂ ಅದೇ ಮದ್ದಿನ ಜೆಲ್ಲಿ ಹಚ್ಚುತ್ತಾರೆ. ಕಹಿ ಅಂದರೆ ಕಹಿ. ಬೇವಿನ ಕಷಾಯ ಕುಡಿದು ಬೆಳೆದವರಿಗೂ ಮುಖ ಹಿಂಡುತ್ತದೆ. ಒಂದೆರಡು ನಿಮಿಷದಲ್ಲಿ ನಾಲಿಗೆಯ ಬುಡ ದಪ್ಪವಾದಂತೆ, ಗಂಟಲಿನಲ್ಲಿ ಏನೋ ಉಂಡೆ ಕೂತಂತೆ ಅನ್ನಿಸಲು ಶುರುವಾಗುತ್ತದೆ. ನುಂಗಿದರೂ ನುಂಗಿದ್ದು ಗೊತ್ತಾಗುವುದಿಲ್ಲ. ಗಾಬರಿಯಾಗಿ ಇನ್ನೊಮ್ಮೆ ನುಂಗುತ್ತೇವೆ. ಮತ್ತೂ ಗೊತ್ತಾಗುವುದಿಲ್ಲ. ಇದು ಸುತ್ತಿ ಸುತ್ತಿ ಹೆಚ್ಚುತ್ತದೆ.

ಇಲ್ಲಿ ಗಂಟಲು ಊದಿರುವುದಿಲ್ಲ. ಅದರ ಸ್ಪರ್ಶ ಮಾತ್ರ ಹೋಗಿರುತ್ತದೆ. ಗಾಳಿ ಒಳಗೆ ಹೋಗುತ್ತಿದೆ ಅಂತ ನಮಗೆ ತಿಳಿಯುವುದರಲ್ಲಿ ಮೂಗು ಗಂಟಲುಗಳಿಗೆ ತಾಗುವ ತಂಪಿನದೂ ಒಂದು ಪಾಲು. ಆ ತಂಪು ತಿಳಿಯದಿದ್ದಾಗ ಗಾಳಿಯೇ ಬರುತ್ತಿಲ್ಲ ಅನ್ನಿಸುತ್ತದೆ. ಆದರೆ ಎದೆ ಏರಿಳಿಯುತ್ತಲೇ ಇರುತ್ತದೆ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಳ್ಳಿ. ಕೈ ಮೇಲೆ ಕೆಳಗೆ ಹೋಗುತ್ತಿದೆ ಅಂದರೆ ಉಸಿರು ನಡೆಯುತ್ತಿದೆ. ಗಂಟಲಿಗೆ ತಿಳಿಯದ್ದನ್ನು ಕೈ ಹೇಳುತ್ತದೆ. ಎಂಜಲನ್ನು ಪದೇ ಪದೇ ನುಂಗಲು ಹೋಗಬೇಡಿ. ಬಾಯಿಯ ಪಕ್ಕದಿಂದ ಹರಿಯಲು ಬಿಡಿ, ನರ್ಸ್ ಒರೆಸುತ್ತಾರೆ ಅಥವಾ ಸಣ್ಣ ಪೈಪಿನಲ್ಲಿ ಎಳೆದು ತೆಗೆಯುತ್ತಾರೆ. ನಾಚಿಕೆಪಡಬೇಕಾದ್ದೇನೂ ಇಲ್ಲ. ಅವರಿಗೆ ಅದು ದಿನದ ಕೆಲಸ.

ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಇದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ, ಹೇಳಬೇಕಿತ್ತು. ಇದ್ದಕ್ಕಿದ್ದಂತೆ ಕತ್ತಲಾದಾಗ ಎದೆ ಧಸಕ್ಕೆಂದಿತು. ಮದ್ದು ಕಣ್ಣಿಗೆ ಸಿಡಿಯದಿರಲಿ ಅಂತ ಅಷ್ಟೇ. ಬಾಯಿಯಿಂದ ಸ್ಕೋಪ್ ಇಳಿಸುವುದಾದರೆ ಹಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಬಳೆಯಂಥದ್ದನ್ನು ಇಡುತ್ತಾರೆ. ಕಚ್ಚಿಬಿಟ್ಟರೆ ಸ್ಕೋಪ್ ಹಾಳಾಗುತ್ತದೆ, ಅದು ಲಕ್ಷಗಟ್ಟಲೆ ಬೆಲೆಯ ವಸ್ತು.

ಇಡೀ ಪರೀಕ್ಷೆಯಲ್ಲಿ ನಿಜವಾಗಿ ಕಷ್ಟ ಅನ್ನಿಸುವ ಜಾಗ ಒಂದೇ, ಧ್ವನಿಪೆಟ್ಟಿಗೆ. ಅಲ್ಲಿ ಎರಡು ತೆಳುವಾದ ಪರದೆಗಳಿವೆ. ಮಾತಾಡುವಾಗ ಮುಚ್ಚುತ್ತವೆ, ಉಸಿರೆಳೆದಾಗ ತೆರೆಯುತ್ತವೆ. ಸ್ಕೋಪ್ ಅಲ್ಲಿಗೆ ಬಂದಾಗ ಡಾಕ್ಟರು ಒಂದು ಕ್ಷಣ ನಿಲ್ಲುತ್ತಾರೆ, ಅಲ್ಲಿಗೂ ಮದ್ದು ಬಿಡುತ್ತಾರೆ. ತಣ್ಣಗಿನ ನೀರು ನೆತ್ತಿಗೇರಿದ ಹಾಗೆ ಜೋರಾಗಿ ಕೆಮ್ಮು ಬರುತ್ತದೆ. "ಉದ್ದಕ್ಕೆ ಉಸಿರು ಎಳ್ಕೊಳ್ಳಿ" ಅನ್ನುತ್ತಾರೆ. ನೀವು ಎಳೆದಾಗ ಬಾಗಿಲು ತೆರೆಯುತ್ತದೆ, ಸ್ಕೋಪ್ ದಾಟಿಬಿಡುತ್ತದೆ. ಇಷ್ಟೂ ಕೆಲವೇ ಸೆಕೆಂಡುಗಳ ಮಾತು. ಆ ಗಳಿಗೆಯಲ್ಲಿ ಉಸಿರು ಹಿಡಿದುಕೊಳ್ಳಬೇಕು ಅನ್ನಿಸುತ್ತದೆ. ಹಿಡಿದರೆ ಬಾಗಿಲು ಮುಚ್ಚುತ್ತದೆ, ಕೆಲಸ ತಡವಾಗುತ್ತದೆ. ಎಳೆದುಕೊಳ್ಳುವುದೇ ಬೇಗ ಮುಗಿಸುವ ದಾರಿ.

ದಾಟಿದ ಮೇಲೆ ಮಾತು ಹೊರಡುವುದಿಲ್ಲ, ಯಾಕೆಂದರೆ ಆ ಪರದೆಗಳು ಮುಚ್ಚಲಾಗದಂತೆ ನಡುವೆ ಸ್ಕೋಪ್ ಇದೆ. ಧ್ವನಿ ಹೋಯಿತು ಅಂತ ಹೆದರಬೇಡಿ. ಕೈಸನ್ನೆಯನ್ನು ಮೊದಲೇ ಮಾತಾಡಿಕೊಳ್ಳಿ. ನಾನು "ಎಡಗೈ ಎತ್ತಿದರೆ ಒಂಚೂರು ನಿಲ್ಲಿಸಿ ಸರ್" ಅಂದಿದ್ದೆ. ಅವರು "ಆಯ್ತು" ಅಂದರು. ಎತ್ತಬೇಕಾಗಿ ಬರಲಿಲ್ಲ. ಆದರೆ ಎತ್ತಬಹುದು ಅಂತ ಗೊತ್ತಿದ್ದದ್ದೇ ದೊಡ್ಡ ಆಸರೆಯಾಯಿತು.

ಕೆಮ್ಮು ಬಂದರೆ ತಡೆಯಬೇಕಾಗಿಲ್ಲ. "ನಾನು ಕೆಮ್ಮಿ ಡಾಕ್ಟರ ಕೆಲಸ ಕೆಡಿಸಿದೆ" ಅಂತ ಕೆಲವರು ಆಮೇಲೂ ಕೊರಗುತ್ತಾರೆ. ಶ್ವಾಸನಾಳ ಇರುವುದೇ ಹಾಗೆ, ಹೊರಗಿನದು ತಾಗಿದರೆ ಕೆಮ್ಮಲೇಬೇಕು. ಜಾಸ್ತಿ ಕೆಮ್ಮಿದರೆ ಇನ್ನಷ್ಟು ಮದ್ದು ಬಿಡುತ್ತಾರೆ.

ಒಳಗೆ ಮಾಡುವ ಕೆಲಸ ಅಷ್ಟೇನೂ ನೋಯುವುದಿಲ್ಲ. ಶ್ವಾಸಕೋಶದ ಒಳಭಾಗಕ್ಕೆ ಚರ್ಮಕ್ಕಿರುವಂತೆ ನೋವು ತಿಳಿಯುವುದಿಲ್ಲ, ಅದನ್ನು ಸುತ್ತುವರಿದ ಪೊರೆಯ ಹೊರಪದರಕ್ಕೆ ಮಾತ್ರ ತಿಳಿಯುತ್ತದೆ. ಬಯಾಪ್ಸಿಗೆ ತೆಗೆಯುವ ಚೂರು ಸಾಸಿವೆ ಕಾಳಿನಷ್ಟು. ಪರೀಕ್ಷೆಗೆ ಶ್ವಾಸಕೋಶ ತೊಳೆದ ನೀರು ಬೇಕಾದರೆ ಒಂದು ಭಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಸಲೈನ್ ಬಿಟ್ಟು ಮತ್ತೆ ಎಳೆದುಕೊಳ್ಳುತ್ತಾರೆ. ಒಟ್ಟು ಒಂದು ಸಣ್ಣ ಲೋಟ ಕಾಫಿಯಷ್ಟು. ಒಳಗೆ ಉಳಿದದ್ದನ್ನು ದೇಹವೇ ಹೀರಿಕೊಳ್ಳುತ್ತದೆ.

"ಪೂರ್ತಿ ಮಲಗಿಸಿಬಿಡಿ ಸರ್"

ಎಲ್ಲರೂ ಇದನ್ನೇ ಕೇಳುತ್ತಾರೆ. ಮೂರು ರೀತಿ ಇವೆ. ಬರೀ ಗಂಟಲು ಮರಗಟ್ಟಿಸಿ ಮಾಡುವುದು ಒಂದು. ಕೈನರಕ್ಕೆ ಮಂಪರು ಮದ್ದು ಕೊಟ್ಟು ಮಾಡುವುದು ಇನ್ನೊಂದು. ಅರಿವಳಿಕೆ ತಜ್ಞರು ಪಕ್ಕದಲ್ಲಿದ್ದು ಗಾಢವಾಗಿ ಮಲಗಿಸುವುದು ಮೂರನೆಯದು. ನಿಮಗೆ ಯಾವುದು ಅನ್ನುವುದು ನಿಮ್ಮ ಶ್ವಾಸಕೋಶದ ಸ್ಥಿತಿ, ಮಾಡಬೇಕಾದ ಕೆಲಸ, ಆಸ್ಪತ್ರೆಯ ಅನುಕೂಲ ಎಲ್ಲದರ ಮೇಲಿದೆ. ಮಲಗಿಸುವ ಮದ್ದು ಉಸಿರಾಟವನ್ನೂ ನಿಧಾನ ಮಾಡುತ್ತದೆ. ಆಮ್ಲಜನಕ ಮೊದಲೇ ಕಡಿಮೆ ಇರುವವರಿಗೆ ಡಾಕ್ಟರು ಮಂಪರು ಬೇಡ ಅಂದರೆ ಕಾರಣ ಇದು, ದುಡ್ಡು ಉಳಿಸುವುದಕ್ಕಲ್ಲ.

ಮಂಪರಿಗೆ ಸಾಮಾನ್ಯವಾಗಿ ಕೊಡುವ ಮಿಡಜೋಲಾಮ್‌ಗೆ ಒಂದು ವಿಚಿತ್ರ ಗುಣವಿದೆ. ಭಯ ಇಳಿಸುವುದರ ಜೊತೆಗೆ ಅದು ಆ ಹೊತ್ತಿನ ನೆನಪನ್ನೇ ಅಳಿಸುತ್ತದೆ. ಡಾಕ್ಟರು ಹೇಳಿದಾಗ ನಾಲಿಗೆ ಚಾಚಿರುತ್ತೀರಿ, ಉಸಿರು ಎಳೆದಿರುತ್ತೀರಿ, ಆದರೆ ಆಮೇಲೆ ಏನೂ ನೆನಪಿರುವುದಿಲ್ಲ. ಎಲ್ಲ ಮುಗಿಸಿ ಹೊರಗೆ ತಂದ ಮೇಲೆ "ಯಾವಾಗ ಶುರು ಮಾಡ್ತೀರಾ?" ಅಂತ ಕೇಳುವವರಿದ್ದಾರೆ. ಮದ್ದಿನ ಪರಿಣಾಮ ಜಾಸ್ತಿಯಾದರೆ ಅದನ್ನು ಇಳಿಸುವ ಇನ್ನೊಂದು ಮದ್ದೂ ಅಲ್ಲೇ ಇರುತ್ತದೆ. ಮನೆಯಲ್ಲಿ ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ರಾತ್ರಿ ಜೋರಾಗಿ ಗೊರಕೆ ಹೊಡೆಯುವವರು ಅದನ್ನು ಮೊದಲೇ ಹೇಳಿ. ಹಿಂದಿನ ರಾತ್ರಿ ಧೈರ್ಯಕ್ಕೆ ಅಂತ ಯಾರದೋ ಮಾತ್ರೆ ನುಂಗುವುದು, ಒಂದು ಪೆಗ್ ಹಾಕುವುದು, ಎರಡೂ ಬೇಡ.

ಹಿರಿಯರು ಹೇಳುವ ಭಯಾನಕ ಕಥೆಗಳಲ್ಲಿ ಸ್ವಲ್ಪ ಹಳೆಯ ಕಾಲದ ನೆನಪೂ ಸೇರಿದೆ. 1897ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಗುಸ್ತಾವ್ ಕಿಲಿಯನ್ ಅನ್ನುವ ವೈದ್ಯರು ಒಬ್ಬ ರೈತನ ಉಸಿರುದಾರಿಯಲ್ಲಿ ಸಿಕ್ಕಿದ್ದ ಮೂಳೆಯ ಚೂರನ್ನು ಹೊರತೆಗೆದರು. ಅವರು ಇಳಿಸಿದ್ದು ನೆಟ್ಟಗಿನ ಲೋಹದ ಕೊಳವೆ. ಕತ್ತು ಹಿಂದಕ್ಕೆ ಬಗ್ಗಿಸಿ ಮಲಗಬೇಕು. ಬಳುಕುವ ಸ್ಕೋಪ್ ಬಂದದ್ದು 1966ರಲ್ಲಿ, ಜಪಾನಿನ ಶಿಗೆಟೊ ಇಕೆಡಾ ಅವರಿಂದ. ಲೋಹದ ಕೊಳವೆ ಇವತ್ತಿಗೂ ಇದೆ. ಮಗು ಕಡಲೆಬೀಜ ನೆತ್ತಿಗೇರಿಸಿಕೊಂಡಾಗ ಹೆಚ್ಚಾಗಿ ಬಳಸುವುದು ಅದನ್ನೇ, ಆದರೆ ಪೂರ್ತಿ ಅರಿವಳಿಕೆ ಕೊಟ್ಟು.

ಮೂರು ದಿನ ಮೊದಲೇ ಶುರು ಮಾಡಿ

ಹೆದರಿದಾಗ ನಾವು ಮೇಲುಸಿರು ಬಿಡುತ್ತೇವೆ. ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಆಗ ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ. ಅದನ್ನು ಕಂಡು "ಏನೋ ಆಗ್ತಿದೆ" ಅಂತ ಇನ್ನೂ ಹೆದರುತ್ತೇವೆ. ಇದನ್ನು ಮುರಿಯಲು ಉಸಿರು ಬಿಡುವುದನ್ನು ಉದ್ದ ಮಾಡಬೇಕು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಸೆಕೆಂಡಿಗೊಂದು ಎಣಿಸಿದರೆ ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು.

ಆರು ಅನ್ನುವ ಅಂಕಿಗೆ ಒಂದು ಕಥೆಯಿದೆ. ಇಟಲಿಯ ಸಂಶೋಧಕರು ಜಪಮಾಲೆ ಹಿಡಿದು ಲ್ಯಾಟಿನ್ ಪ್ರಾರ್ಥನೆ ಹೇಳಿಸಿ, "ಓಂ ಮಣಿ ಪದ್ಮೇ ಹುಂ" ಮಂತ್ರ ಹೇಳಿಸಿ ಉಸಿರಾಟವನ್ನು ಅಳೆದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡರಲ್ಲೂ ಉಸಿರು ನಿಮಿಷಕ್ಕೆ ಹೆಚ್ಚುಕಡಿಮೆ ಆರಕ್ಕೆ ಬಂದು ನಿಂತಿತ್ತು. ಹಾಗಾಗಿ ಎಣಿಸುವುದು ಬೇಸರವಾದರೆ ನಿಮ್ಮ ದೇವರ ಹೆಸರನ್ನೋ, ಬಾಯಿಪಾಠ ಇರುವ ವಚನವನ್ನೋ ಮನಸ್ಸಿನಲ್ಲೇ ನಿಧಾನವಾಗಿ ಹೇಳಿಕೊಳ್ಳಿ. ನಂಬಿಕೆ ಇಲ್ಲದವರು ಮಗ್ಗಿ ಹೇಳಿಕೊಂಡರೂ ಆದೀತು. ಸುಮ್ನೆ ಆ ದಿನ ಬೆಳಗ್ಗೆ ಮೊದಲ ಸಲ ಮಾಡಿದರೆ ಮಾತ್ರ ಹತ್ತುವುದಿಲ್ಲ. ಮೂರು ದಿನ ಮುಂಚೆಯಿಂದ ಹತ್ತು ಹತ್ತು ನಿಮಿಷ, ಮಲಗಿಕೊಂಡು, ಬಾಯಿ ತೆರೆದು, ಕಣ್ಣಿಗೆ ಟವೆಲ್ ಹಾಕಿಕೊಂಡು ಮಾಡಿ. ಅಲ್ಲಿ ಇರುವುದೂ ಹೀಗೇ ತಾನೆ? ಮನೆಯವರು ನಗಬಹುದು, ನಗಲಿ. ಕಪಾಲಭಾತಿ, ಭಸ್ತ್ರಿಕಾದಂಥ ಜೋರು ಉಸಿರಿನ ಅಭ್ಯಾಸ ಆ ದಿನ ಬೇಡ. ಮೇಲುಸಿರಿನ ತೊಂದರೆಯನ್ನು ನಾವೇ ಕರೆದಂತಾಗುತ್ತದೆ.

ಭಯಪಡುವವರಲ್ಲಿ ಎರಡು ಬಗೆ. ಎಲ್ಲವನ್ನೂ ತಿಳಿದುಕೊಂಡರೆ ಸಮಾಧಾನವಾಗುವವರು ಒಂದು ಬಗೆ, ಏನೂ ಹೇಳದಿದ್ದರೆ ಸಮಾಧಾನ ಅನ್ನುವವರು ಇನ್ನೊಂದು. ನೀವು ಎರಡನೆಯವರಾಗಿದ್ದರೆ ಇಷ್ಟು ಓದಿದ್ದೇ ಜಾಸ್ತಿಯಾಯಿತು, ಪರೀಕ್ಷೆಯ ವಿಡಿಯೋಗಳ ಕಡೆ ತಲೆಯನ್ನೂ ಹಾಕಬೇಡಿ. ನಾನು ಮೊದಲನೆಯ ಬಗೆ. ಆದರೂ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಎರಡು ಗಂಟೆವರೆಗೆ ನಿದ್ದೆ ಬರಲಿಲ್ಲ. ತಿಳಿದುಕೊಳ್ಳುವುದಿದ್ದರೆ ಹಗಲಲ್ಲಿ ತಿಳಿದುಕೊಳ್ಳಿ.

ಇನ್ನು ಫೋನ್ ಮಾಡುವ ನೆಂಟರು. "ಏನೂ ಆಗಲ್ಲ ಬಿಡು" ಅಂತ ಹತ್ತು ಜನ ಹೇಳಿದರೆ ಏನೋ ಆಗುತ್ತೆ ಅಂತಲೇ ಮನಸ್ಸಿಗೆ ಖಾತ್ರಿಯಾಗುತ್ತದೆ. ಹಿಂದಿನ ದಿನ ಸಂಜೆಯಿಂದ ಫೋನನ್ನು ಮನೆಯಲ್ಲಿ ಬೇರೆಯವರ ಕೈಗೆ ಕೊಟ್ಟುಬಿಡಿ. ಜೊತೆಗೆ ಬರುವವರು ಒಬ್ಬರೇ ಸಾಕು. ಕಡಿಮೆ ಮಾತಾಡುವವರಾದರೆ ಒಳ್ಳೆಯದು.

ಕಾಫಿ ಇಲ್ಲದ ಬೆಳಗ್ಗೆ

ಆ ದಿನದ ನಡುಕ ಎಲ್ಲವೂ ಭಯದ್ದಲ್ಲ. ಹಸಿವಿನದ್ದೂ ಇದೆ, ಬೆಳಗಿನ ಕಾಫಿ ತಪ್ಪಿದ ತಲೆನೋವೂ ಇದೆ. ಇಷ್ಟು ಗೊತ್ತಿದ್ದರೆ "ನಾನು ಇಷ್ಟೊಂದು ಪುಕ್ಕಲಾ" ಅಂತ ಬೇಜಾರಾಗುವುದಿಲ್ಲ. ಕಾಫಿ ಜಾಸ್ತಿ ಕುಡಿಯುವವರು ಒಂದು ವಾರ ಮೊದಲೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಂಡು ಬನ್ನಿ.

ಹೊಟ್ಟೆ ಖಾಲಿ ಇರಬೇಕಾದದ್ದು ಯಾಕೆಂದರೆ, ಮರಗಟ್ಟಿದ ಗಂಟಲಿಗೆ ಕಾವಲು ಕಾಯಲು ಆಗುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಊಟ ಎಷ್ಟು ಗಂಟೆ ಮೊದಲು, ನೀರು ಎಷ್ಟು ಗಂಟೆ ಮೊದಲು ನಿಲ್ಲಿಸಬೇಕು ಅಂತ ಆಸ್ಪತ್ರೆಯವರು ಹೇಳುತ್ತಾರೆ. ನೀರು ಅಂದರೆ ನೀರೇ. ಮಜ್ಜಿಗೆ, ಗಂಜಿ, ಹಾಲು ಹಾಕಿದ ಕಾಫಿ ಇವು ಯಾವುದೂ ನೀರಿನ ಲೆಕ್ಕಕ್ಕೆ ಬರುವುದಿಲ್ಲ.

ಬಿಪಿ, ಶುಗರ್ ಮಾತ್ರೆಗಳನ್ನು ಆ ಬೆಳಗ್ಗೆ ತೆಗೆದುಕೊಳ್ಳಬೇಕೋ ಬೇಡವೋ ಅಂತ ಮುಂಚೆಯೇ ಕೇಳಿ. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆಯನ್ನು ಬಯಾಪ್ಸಿಗೆ ಕೆಲವು ದಿನ ಮುಂಚೆ ನಿಲ್ಲಿಸಬೇಕಾಗಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನೂ ಕೇಳಬೇಕು. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲಿನ ಸೆಟ್ಟು, ಯಾವುದಾದರೂ ಔಷಧಿಗೆ ಅಲರ್ಜಿ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಾಬರಿಯಲ್ಲಿ ಬಾಯಿಗೆ ಬರುವುದಿಲ್ಲ.

ಸಹಿ ಹಾಕುವ ಕಾಗದದಲ್ಲಿ ಏನೇನು ಆಗಬಹುದು ಅನ್ನುವ ಉದ್ದ ಪಟ್ಟಿ ಇರುತ್ತದೆ. ಗಂಭೀರ ತೊಂದರೆ ನೂರರಲ್ಲಿ ಒಬ್ಬರಿಗೆ ಆದರೆ ಹೆಚ್ಚು. ಶ್ವಾಸಕೋಶದ ಅಂಚಿನಿಂದ ಚೂರು ತೆಗೆದಾಗ ಎದೆಯಲ್ಲಿ ಗಾಳಿ ಸೋರುವ ಸಾಧ್ಯತೆ ಅದಕ್ಕಿಂತ ತುಸು ಜಾಸ್ತಿ, ಅದಕ್ಕೇ ಆಮೇಲೆ ಎಕ್ಸ್‌ರೇ ತೆಗೆಯುತ್ತಾರೆ.

ಎಷ್ಟೋ ಜನರ ಭಯ ಪೈಪಿನದ್ದೇ ಅಲ್ಲ, ಪೈಪಿನ ತುದಿಗೆ ಏನು ಕಂಡೀತು ಅನ್ನುವುದು. ಈ ಎರಡು ಭಯಗಳನ್ನು ಬೇರೆ ಬೇರೆ ಮಾಡಿ ನೋಡಿ. ನನಗಂತೂ ಉಪಯೋಗವಾಯಿತು. ಒಂದು ಭಯ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇನ್ನೊಂದಕ್ಕೆ ರಿಪೋರ್ಟ್ ಬರುವವರೆಗೆ ಕಾಯಬೇಕು. ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ಅಂತಲ್ಲ. ನಮ್ಮಲ್ಲಿ ಕಫದಲ್ಲಿ ಸಿಗದ ಕ್ಷಯವನ್ನು ಹಿಡಿಯಲು ಎಷ್ಟೋ ಬ್ರಾಂಕೋಸ್ಕೋಪಿಗಳು ನಡೆಯುತ್ತವೆ. ತೊಳೆದ ನೀರನ್ನು ಕ್ಷಯದ ರೋಗಾಣು ಹುಡುಕುವ ಸಿಬಿನಾಟ್ ಯಂತ್ರಕ್ಕೆ ಹಾಕಿದರೆ ಸುಮಾರು ಎರಡು ಗಂಟೆಯಲ್ಲಿ ಉತ್ತರ ಸಿಗುತ್ತದೆ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಆರು ವಾರದವರೆಗೂ ಹಿಡಿಯಬಹುದು. ತಡವಾಯಿತು ಅಂದರೆ ಕೆಟ್ಟ ಸುದ್ದಿ ಅಂತ ಅರ್ಥವಲ್ಲ. "ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತೆ" ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಆ ಹೆದರಿಕೆಯಿಂದ ಪರೀಕ್ಷೆ ಬಿಟ್ಟವರಿಗೆ ಸರಿಯಾದ ಚಿಕಿತ್ಸೆ ತಡವಾಗುತ್ತದೆ, ನಷ್ಟ ಅಲ್ಲಿರುವುದು.

ಮುಗಿದ ಮೇಲೆ ಒಂದೆರಡು ಗಂಟೆ ಬಾಯಿಗೆ ಏನೂ ಹಾಕುವಂತಿಲ್ಲ. ಗಂಟಲು ಇನ್ನೂ ಮರಗಟ್ಟಿರುತ್ತದೆ. ಆಮೇಲೆ ಒಂದು ಗುಟುಕು ನೀರು ಕುಡಿದು ನೋಡಬೇಕು, ಕೆಮ್ಮದೆ ಇಳಿದರೆ ಮುಂದಕ್ಕೆ ಮೊಸರನ್ನವೋ ಇಡ್ಲಿಯೋ. ಧ್ವನಿ ಒಂದು ದಿನ ಒಡೆದಿರುತ್ತದೆ. ಕಫದಲ್ಲಿ ರಕ್ತದ ಎಳೆ ಕಾಣಬಹುದು. ಸಂಜೆ ಸ್ವಲ್ಪ ಜ್ವರ ಬಂದು ಹೋಗಬಹುದು. ರಕ್ತ ಚಮಚಗಟ್ಟಲೆ ಬಂದರೆ, ಎದೆ ಚುಚ್ಚಿದಂತಾದರೆ, ಏದುಸಿರು ಶುರುವಾದರೆ, ಮರುದಿನವೂ ಜ್ವರ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಂಪರು ತೆಗೆದುಕೊಂಡಿದ್ದರೆ ಇಪ್ಪತ್ತನಾಲ್ಕು ಗಂಟೆ ಸ್ಕೂಟರ್ ಮುಟ್ಟಬೇಡಿ.

ನಾನು ಮನೆಗೆ ಬಂದಾಗ ಮಧ್ಯಾಹ್ನ ಎರಡಾಗಿತ್ತು. ನೀರು ಸರಾಗವಾಗಿ ಇಳಿಯಿತು. ಕಾಫಿಗೆ ಮಾತ್ರ ಸಂಜೆವರೆಗೆ ಕಾದೆ, ಮರಗಟ್ಟಿದ ಬಾಯಿಗೆ ಬಿಸಿ ತಿಳಿಯದೆ ಸುಟ್ಟುಕೊಂಡೇನು ಅಂತ. ನಾಲ್ಕೂವರೆಗೆ ಲೋಟ ಹಿಡಿದು ಒಂದು ಗುಟುಕು ಹೀರಿದೆ. ಬಿಸಿ ನಾಲಿಗೆಯ ಬುಡಕ್ಕೆ ತಾಗಿತು, ಅಲ್ಲಿಂದ ಕೆಳಗೆ ಇಳಿದದ್ದೂ ಗೊತ್ತಾಯಿತು.